ಮನೆಯ ಬೈಬಲಿನಲ್ಲಿ ಬರೆದ ಆಣೆಗಳು: ಬಿಲ್ ವಿಲ್ಸನ್ ಪ್ರಕರಣ

1928ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ವಿಲಿಯಂ ಗ್ರಿಫಿತ್ ವಿಲ್ಸನ್ ತಮ್ಮ ಮನೆಯ ಬೈಬಲಿನಲ್ಲಿ ಹೆಂಡತಿ ಲೋಯಿಸ್ ಹೆಸರಿಗೆ ಒಂದು ಪ್ರಮಾಣ ಬರೆದರು. ಇಷ್ಟೆಲ್ಲ ಸಹಿಸಿಕೊಂಡ ನಿನಗೆ ಇದೇ ಸಾಕ್ಷಿ, ಇನ್ನು ಕುಡಿತದ ಸಹವಾಸ ಇಲ್ಲ ಎಂಬುದು ಅದರ ಸಾರ. ಮುಂದಿನ ತಿಂಗಳೇ ಅದೇ ಪುಸ್ತಕದಲ್ಲಿ ಎರಡನೆಯ ಪ್ರಮಾಣ ಬಿತ್ತು. 1929ರ ಜನವರಿಯಲ್ಲಿ ಮೂರನೆಯದು. 1930ರಲ್ಲಿ ಮತ್ತೊಂದು. ದೇವರ ಗ್ರಂಥ, ಹೆಂಡತಿಯ ಹೆಸರು, ಸ್ವಂತ ಕೈಬರಹ. ಇದಕ್ಕಿಂತ ಗಟ್ಟಿಯಾಗಿ ಆಣೆ ಇಡುವುದು ಯಾರಿಂದಲೂ ಆಗದು. ಪ್ರತಿ ಸಲವೂ ಆಣೆ ಮುರಿಯಿತು.

ಬರೆಯುವ ಹೊತ್ತಿಗೆ ಅವರ ಮನಸ್ಸಿನಲ್ಲಿ ಮೋಸ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಕುಡಿತ ಬಿಡುತ್ತೇನೆಂದು ಮಾತು ಕೊಟ್ಟು ತಪ್ಪಿದವರ ಬಗ್ಗೆ ನಮ್ಮ ಮೊದಲ ತೀರ್ಪೇ "ಅವನ ಮಾತು ನಂಬಬೇಡಿ" ಎಂಬುದು. ತೀರ್ಪು ಅಲ್ಲಿಗೇ ನಿಂತರೆ ಮುಂದಿನದು ಏನೂ ಕಾಣುವುದಿಲ್ಲ.

ವಿಲ್ಸನ್ ಮುಂದೆ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಎಂಬ ಕೂಟದ ಇಬ್ಬರು ಸ್ಥಾಪಕರಲ್ಲಿ ಒಬ್ಬರಾದರು. ಆ ಕೂಟದ ಚರಿತ್ರೆ ಬೇರೆ ಕಡೆ ಸಿಗುತ್ತದೆ. ನಾನು ಇಲ್ಲಿ ನೋಡಹೊರಟಿರುವುದು ಒಬ್ಬ ರೋಗಿಯ ಪ್ರಕರಣವನ್ನು, ಅದರಲ್ಲೂ 1934ರ ನವೆಂಬರಿನಿಂದ 1935ರ ಜೂನ್‌ವರೆಗಿನ ಅವಧಿಯನ್ನು. ಚಟಕ್ಕೆ ಜನ ಕೊಡುವ ವಿವರಣೆಗಳೆಲ್ಲ ಆ ಕೆಲವೇ ತಿಂಗಳಲ್ಲಿ ಒಬ್ಬರೇ ಮನುಷ್ಯರ ಮೇಲೆ ಒಂದರ ಹಿಂದೊಂದು ಪ್ರಯೋಗವಾದವು. ನಮ್ಮ ಮನೆಗಳಲ್ಲಿ ಕೇಳುವ ಮಾತುಗಳೂ ಅವೇ. "ಕೊಬ್ಬು, ಹೆಂಡತಿ ಮಕ್ಕಳ ಮೇಲೆ ಪ್ರೀತಿ ಇದ್ದಿದ್ದರೆ ಬಿಡ್ತಿದ್ದ" ಅನ್ನುವವರು ಒಂದು ಕಡೆ. "ಗ್ರಹಚಾರ ಸರಿ ಇಲ್ಲ, ಯಾರೋ ಮಾಡಿಸಿದ್ದಾರೆ, ಮನೆದೇವರ ಹರಕೆ ಬಾಕಿ ಇದೆ" ಅನ್ನುವವರು ಇನ್ನೊಂದು ಕಡೆ. ಇವರಿಬ್ಬರ ನಡುವೆ ಸಣ್ಣ ದನಿಯಲ್ಲಿ "ಅದೊಂದು ಕಾಯಿಲೆ" ಅನ್ನುವ ಡಾಕ್ಟರು.

ಹಿನ್ನೆಲೆ

ವಿಲ್ಸನ್ ಹುಟ್ಟಿದ್ದು 1895ರ ನವೆಂಬರ್ 26ರಂದು, ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಹಳ್ಳಿಯಲ್ಲಿ. ತಂದೆ ಕಲ್ಲುಕ್ವಾರಿಯ ಕೆಲಸದವರು, ಕುಡಿಯುತ್ತಿದ್ದರು. ತಂದೆ ತಾಯಿ ಬೇರೆಯಾದ ಮೇಲೆ ಹುಡುಗ ಬೆಳೆದದ್ದು ತಾಯಿಯ ತವರಿನಲ್ಲಿ, ಅಜ್ಜ ಅಜ್ಜಿಯ ಬಳಿ.

ತಂದೆಯ ಕಡೆಯ ಅಜ್ಜನ ಕತೆ ಈ ಪ್ರಕರಣಕ್ಕೆ ಮುಖ್ಯ. ಅವರ ಹೆಸರೂ ವಿಲಿಯಂ. ವಿಪರೀತ ಕುಡಿತ, ಹಲವು ಸಲ ಪಾನತ್ಯಾಗದ ಪ್ರತಿಜ್ಞೆ, ಹಲವು ಸಲ ಭಂಗ. ಒಂದು ಭಾನುವಾರ ಊರ ಪಕ್ಕದ ಈಯೋಲಸ್ ಬೆಟ್ಟ ಹತ್ತಿ ದೇವರನ್ನು ಕೂಗಿಕೊಂಡರಂತೆ. ಅಲ್ಲಿ ಬೆಳಕು, ಗಾಳಿ, ಯಾವುದೋ ಸಾನ್ನಿಧ್ಯ. ಇಳಿದು ಬಂದವರೇ ನೇರ ಚರ್ಚಿಗೆ ನುಗ್ಗಿ, ಪಾದ್ರಿಯನ್ನು ಪಕ್ಕಕ್ಕೆ ನಿಲ್ಲಿಸಿ, ನಡೆದದ್ದನ್ನು ಊರಿಗೆಲ್ಲ ಹೇಳಿದರು. ಆಮೇಲೆ ಬದುಕಿದ್ದ ಎಂಟು ವರ್ಷ ಕುಡಿಯಲಿಲ್ಲ. ಒಂದೇ ಮನೆತನದಲ್ಲಿ ಅಜ್ಜನಿಗೆ ದೇವರು ಸಿಕ್ಕರು, ಮಗನಿಗೆ ಸಿಗಲಿಲ್ಲ. ಮೊಮ್ಮಗ ಬೆಳೆದದ್ದು ಈ ಕತೆಯ ನೆರಳಿನಲ್ಲಿ.

ಮೊದಲ ಲೋಟ 1917ರಲ್ಲಿ, ಸೈನ್ಯದ ಅಧಿಕಾರಿಯಾಗಿ ನ್ಯೂ ಬೆಡ್‌ಫರ್ಡ್ ಎಂಬ ಊರಿನಲ್ಲಿದ್ದಾಗ. ಎತ್ತರದ, ಸಂಕೋಚದ ಹುಡುಗ. ಕುಡಿದ ಕೂಡಲೇ ತನಗೂ ಜನಕ್ಕೂ ನಡುವೆ ಇದ್ದ ಗೋಡೆ ಬಿದ್ದಂತಾಯಿತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. 1918ರಲ್ಲಿ ಮದುವೆ. ನಂತರ ಷೇರುಪೇಟೆ, ಕೈತುಂಬ ದುಡ್ಡು, 1929ರ ಕುಸಿತ, ಸಾಲ. ಕೊನೆಗೆ ಇಬ್ಬರೂ ಬಂದು ಸೇರಿದ್ದು ಬ್ರೂಕ್ಲಿನ್‌ನಲ್ಲಿ ಲೋಯಿಸ್ ತಂದೆಯ ಮನೆಗೆ. ಲೋಯಿಸ್ ಅಂಗಡಿ ಕೆಲಸಕ್ಕೆ ಹೋಗಿ ಮನೆ ನಡೆಸುತ್ತಿದ್ದರು.

ಈ ಪತನ ನಡೆದ ಕಾಲವನ್ನು ಗಮನಿಸಬೇಕು. 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ಇಡೀ ಅಮೆರಿಕದಲ್ಲಿ ಪಾನನಿಷೇಧ. ಸಂವಿಧಾನಕ್ಕೇ ತಿದ್ದುಪಡಿ ತಂದು ಮದ್ಯದ ತಯಾರಿಕೆ, ಮಾರಾಟ, ಸಾಗಣೆಯನ್ನು ನಿಲ್ಲಿಸಿದ್ದರು. ಅದರ ಹಿಂದೆ ಚರ್ಚುಗಳ, ಮಹಿಳಾ ಸಂಘಟನೆಗಳ ದಶಕಗಳ ಹೋರಾಟವಿತ್ತು, ಹಾಳಾದ ಮನೆಗಳ ನಿಜವಾದ ಸಂಕಟವಿತ್ತು. ಆ ಹೋರಾಟವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಿಷೇಧದ ಮೊದಲ ವರ್ಷಗಳಲ್ಲಿ ದೇಶದ ಒಟ್ಟು ಕುಡಿತ ಇಳಿದದ್ದೂ ಹೌದು. ಆದರೆ ವಿಲ್ಸನ್ ಅವರಂಥ, ದೇಹವೇ ಮದ್ಯಕ್ಕೆ ಒಗ್ಗಿಹೋದವರಿಗೆ ಕಾನೂನು ಬೇಲಿಯಾಗಲಿಲ್ಲ. ಅವರ ಕುಡಿತ ಅತಿ ಕೆಟ್ಟ ಹಂತಕ್ಕೆ ಇಳಿದದ್ದು ಪಾನನಿಷೇಧದ ವರ್ಷಗಳಲ್ಲೇ. ಕೈಗೆ ಸಿಕ್ಕ ಕಳ್ಳಸಾರಾಯಿ ಜಿನ್ ಕುಡಿದು, ಹೆಂಡತಿಯ ಪರ್ಸಿನಿಂದ ದುಡ್ಡು ಕದ್ದು ಬದುಕಿದರು.

ಕಾಯಿಲೆ ಎಂಬ ಮಾತು ತಂದ ನೆಮ್ಮದಿ, ಮತ್ತು ಅದರ ಮಿತಿ

1933ರಲ್ಲಿ ತಂಗಿಯ ಗಂಡ, ಸ್ವತಃ ವೈದ್ಯರು, ತಾವೇ ಖರ್ಚು ಹಾಕಿಕೊಂಡು ವಿಲ್ಸನ್ ಅವರನ್ನು ಮ್ಯಾನ್‌ಹಟನ್ನಿನ ಟೌನ್ಸ್ ಆಸ್ಪತ್ರೆಗೆ ಸೇರಿಸಿದರು. ಅಲ್ಲಿದ್ದವರು ಡಾ. ವಿಲಿಯಂ ಸಿಲ್ಕ್‌ವರ್ತ್. ಸಾವಿರಾರು ಕುಡುಕರನ್ನು ನೋಡಿ ಅವರು ಒಂದು ತೀರ್ಮಾನಕ್ಕೆ ಬಂದಿದ್ದರು. ಇವರದು ನಡತೆಯ ದೋಷವಲ್ಲ. ಮೈಗೆ ಮದ್ಯ ಒಗ್ಗದು, ಒಂದು ಗುಟುಕು ಒಳಗೆ ಹೋದರೆ ನಿಲ್ಲಿಸಲಾಗದು. ಮನಸ್ಸಿಗೆ ಅದರದ್ದೇ ಗೀಳು, ಆ ಮೊದಲ ಗುಟುಕಿನಿಂದ ದೂರ ಇರಲಾಗದು. ಮೈಯ ಈ ಸ್ಥಿತಿಯನ್ನು ಅವರು ಅಲರ್ಜಿ ಎಂದು ಕರೆದರು. ಇವತ್ತಿನ ವೈದ್ಯಶಾಸ್ತ್ರ ಆ ಪದವನ್ನು ಒಪ್ಪುವುದಿಲ್ಲ. ಸಹಿಷ್ಣುತೆ (ಅದೇ ಅಮಲಿಗೆ ಹೆಚ್ಚು ಹೆಚ್ಚು ಮದ್ಯ ಬೇಕಾಗುವುದು), ಹಿಂತೆಗೆತದ ಲಕ್ಷಣಗಳು (ಕುಡಿತ ನಿಲ್ಲಿಸಿದಾಗ ಮೈಗೆ ಆಗುವ ತೊಂದರೆಗಳು), ಮಿದುಳಿನ ಸುಖದ ಜಾಲದಲ್ಲಾಗುವ ಬದಲಾವಣೆ, ಆನುವಂಶಿಕತೆ ಎಂದು ಬೇರೆ ರೀತಿಯಲ್ಲಿ ವಿವರಿಸುತ್ತದೆ. ಆದರೂ ಸಿಲ್ಕ್‌ವರ್ತ್ ರೋಗಿಯ ಎದೆಯ ಮೇಲಿದ್ದ ಕಲ್ಲನ್ನು ಇಳಿಸಿದರು. ನೀನು ಕೆಟ್ಟವನಲ್ಲ, ಕಾಯಿಲೆಯವನು ಎಂದು ಯಾರೋ ಒಬ್ಬರು ಮೊದಲ ಸಲ ಹೇಳಿದ್ದರು.

ವಿಲ್ಸನ್ ಹಿಗ್ಗಿದರು. ಕಾರಣ ತಿಳಿಯಿತಲ್ಲ, ಇನ್ನೇನು ಎಂದುಕೊಂಡರು. ಕೆಲವೇ ತಿಂಗಳಲ್ಲಿ ಮತ್ತೆ ಕುಡಿದರು. 1934ರ ಬೇಸಿಗೆಯಲ್ಲಿ ಎರಡನೆಯ ಸಲ ದಾಖಲು, ಸೆಪ್ಟೆಂಬರಿನಲ್ಲಿ ಮೂರನೆಯ ಸಲ. ಈ ಬಾರಿ ಸಿಲ್ಕ್‌ವರ್ತ್ ಲೋಯಿಸ್ ಅವರನ್ನು ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು: ಹೀಗೇ ಆದರೆ ಬುದ್ಧಿಭ್ರಮಣೆ ಅಥವಾ ಸಾವು, ಇಲ್ಲವೇ ಜೀವನಪೂರ್ತಿ ಕೂಡಿಹಾಕಬೇಕು. ಆ ಭಯದಲ್ಲಿ ವಿಲ್ಸನ್ ಕೆಲವು ವಾರ ತಡೆದುಕೊಂಡರು. ನವೆಂಬರ್ 11ರಂದು, ಮಹಾಯುದ್ಧ ಮುಗಿದ ನೆನಪಿನ ರಜೆಯ ದಿನ, ಮತ್ತೆ ಲೋಟ ಹಿಡಿದರು.

ನೀತಿಯ ಮಾತು ಸೋತಿತ್ತು. ವೈದ್ಯರ ವಿವರಣೆಯೂ, ಅದು ಮುಕ್ಕಾಲು ಪಾಲು ಸರಿಯಿದ್ದರೂ, ಒಂದೇ ಸಾಕಾಗಲಿಲ್ಲ. ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮಾತ್ರಕ್ಕೆ ಯಾರ ಸಕ್ಕರೆಯೂ ಇಳಿಯುವುದಿಲ್ಲ.

ಅಡುಗೆಮನೆಯ ಮೇಜು

ನವೆಂಬರ್ ಕೊನೆಯಲ್ಲಿ ಹಳೆಯ ಗೆಳೆಯ ಎಬ್ಬಿ ಥ್ಯಾಚರ್ ಮನೆಗೆ ಬಂದರು. ಎಬ್ಬಿ ಕೂಡ ಕುಡಿತದಲ್ಲಿ ಹೆಸರಾದವರು. ಅದೇ ಬೇಸಿಗೆಯಲ್ಲಿ ವರ್ಮಾಂಟಿನಲ್ಲಿ ಅವರನ್ನು ಹುಚ್ಚಾಸ್ಪತ್ರೆಗೆ ಕಳಿಸುವ ಹಂತ ಬಂದಿತ್ತು. ಅಡುಗೆಮನೆಯ ಮೇಜಿನ ಮೇಲೆ ವಿಲ್ಸನ್ ಜಿನ್‌ಗೆ ಅನಾನಸ್ ರಸ ಬೆರೆಸಿ ಇಟ್ಟುಕೊಂಡಿದ್ದರು. ಗೆಳೆಯನ ಕಡೆಗೊಂದು ಲೋಟ ಸರಿಸಿದರು. ಎಬ್ಬಿ ಬೇಡವೆಂದರು. ಮೈಕೈ ಚೊಕ್ಕ, ಕಣ್ಣು ತಿಳಿ. ಏನಾಯಿತು ನಿನಗೆ ಎಂದು ಕೇಳಿದರೆ, ತನಗೆ ಧರ್ಮ ಹಿಡಿದಿದೆ ಎಂದರು.

ವಿಲ್ಸನ್‌ಗೆ ಕಸಿವಿಸಿ. ಅವರು ದೇವರ ವಿಷಯದಲ್ಲಿ ಅನುಮಾನದವರು. ಆದರೆ ಎಬ್ಬಿ ಬುದ್ಧಿ ಹೇಳಲಿಲ್ಲ. ತನ್ನ ಪಾಡು ಹೇಳಿಕೊಂಡರು, ಅಷ್ಟೇ. ಎಬ್ಬಿಯನ್ನು ಎತ್ತಿದವರಲ್ಲಿ ರೋಲೆಂಡ್ ಹ್ಯಾಝರ್ಡ್ ಎಂಬ ಶ್ರೀಮಂತ ಮನೆತನದವರೊಬ್ಬರಿದ್ದರು. ಅವರು ಸ್ವಿಟ್ಜರ್ಲೆಂಡಿಗೆ ಹೋಗಿ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಬಳಿ ಚಿಕಿತ್ಸೆ ಪಡೆದು, ಮತ್ತೆ ಕುಡಿದು, ಮತ್ತೆ ಅಲ್ಲಿಗೇ ಹೋದಾಗ ಯೂಂಗ್ ಕೈಚೆಲ್ಲಿದರು. ಔಷಧಿಯಿಂದಲೂ ಮನೋವಿಶ್ಲೇಷಣೆಯಿಂದಲೂ ಇನ್ನೇನೂ ಆಗದು, ಅಪರೂಪಕ್ಕೆ ಇಂಥವರು ಆಳವಾದ ಆಧ್ಯಾತ್ಮಿಕ ಅನುಭವವೊಂದರಿಂದ ತಿರುಗಿದ್ದಿದೆ ಎಂದಷ್ಟೇ ಹೇಳಿದರು. ರೋಲೆಂಡ್ ಅದನ್ನು ಹುಡುಕುತ್ತ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯನ್ನು ಸೇರಿದರು. ಫ್ರಾಂಕ್ ಬುಕ್‌ಮನ್ ಎಂಬ ಲೂಥರನ್ ಪಾದ್ರಿ ಕಟ್ಟಿದ ಗುಂಪು ಅದು. ಸಂಪೂರ್ಣ ಪ್ರಾಮಾಣಿಕತೆ, ಸಂಪೂರ್ಣ ಪರಿಶುದ್ಧತೆ, ಸಂಪೂರ್ಣ ನಿಸ್ವಾರ್ಥ, ಸಂಪೂರ್ಣ ಪ್ರೀತಿ ಅದರ ನಾಲ್ಕು ಕಟ್ಟಳೆಗಳು. ತಪ್ಪನ್ನು ಇನ್ನೊಬ್ಬರ ಮುಂದೆ ಒಪ್ಪಿಕೊಳ್ಳುವುದು, ನೋಯಿಸಿದವರ ಬಳಿ ಹೋಗಿ ಸರಿಪಡಿಸುವುದು ಅದರ ದಾರಿ.

ಕೆಲವು ದಿನಗಳ ನಂತರ ವಿಲ್ಸನ್, ಕುಡಿದ ಅಮಲಿನಲ್ಲೇ, ಎಬ್ಬಿ ಉಳಿದುಕೊಂಡಿದ್ದ ಕಲ್ವರಿ ಮಿಷನ್ ಎಂಬ ಚರ್ಚಿನ ಆಶ್ರಯತಾಣಕ್ಕೆ ಹೋದರು. ಎಲ್ಲರೆದುರು ಮುಂದೆ ಬಂದು ದೇವರಿಗೆ ಒಪ್ಪಿಸಿಕೊಂಡೆ ಎಂದರು. ಮನೆಗೆ ಬಂದವರು ಮತ್ತೆರಡು ಮೂರು ದಿನ ಕುಡಿದರು. ಪ್ರಕರಣದ ಈ ತುಣುಕನ್ನು ಭಕ್ತಿಯಿಂದ ಬರೆದವರು ಬೇಗ ದಾಟಿಬಿಡುತ್ತಾರೆ. ನನಗೆ ಅದು ಬಹಳ ಮುಖ್ಯ ಅನ್ನಿಸುತ್ತದೆ. ಶರಣಾಗತಿ ಸುಳ್ಳಾಗಿರಲಿಲ್ಲ. ಮೈ ಇನ್ನೂ ಮದ್ಯದ ಹಿಡಿತದಲ್ಲಿತ್ತು.

ಡಿಸೆಂಬರ್ 1934: ಬೆಳಕು ಮತ್ತು ಬೆಲ್ಲಡೋನಾ

ಡಿಸೆಂಬರ್ 11ರಂದು ದಾರಿಯಲ್ಲಿ ಸಾಲಕ್ಕೆ ಕೊಂಡ ಬಿಯರ್ ಬಾಟಲಿ ಹಿಡಿದುಕೊಂಡೇ ನಾಲ್ಕನೆಯ ಸಲ ಟೌನ್ಸ್ ಆಸ್ಪತ್ರೆಗೆ ಬಂದರು. ಅದೇ ಅವರ ಕೊನೆಯ ಕುಡಿತ. ಮೂರ್ನಾಲ್ಕು ದಿನ ನಿದ್ರೆಯ ಔಷಧಿ ಮತ್ತು ಆಸ್ಪತ್ರೆಯ ವಾಡಿಕೆಯ ಬೆಲ್ಲಡೋನಾ ಚಿಕಿತ್ಸೆ ನಡೆಯಿತು. ನಡುಕ ಇಳಿಯಿತು, ಖಿನ್ನತೆ ಏರಿತು. ಆ ಹೊತ್ತಿನಲ್ಲಿ, ದೇವರಿದ್ದರೆ ಕಾಣಿಸಿಕೊಳ್ಳಲಿ ಎಂದು ಕೂಗಿಕೊಂಡೆ ಎನ್ನುತ್ತಾರೆ ವಿಲ್ಸನ್. ಕೋಣೆಯಲ್ಲಿ ಬಿಳಿ ಬೆಳಕು ತುಂಬಿತು, ತಾನೊಂದು ಬೆಟ್ಟದ ತುದಿಯಲ್ಲಿದ್ದಂತೆ, ಗಾಳಿ ತನ್ನೊಳಗೇ ಹಾದುಹೋದಂತೆ ಅನ್ನಿಸಿತು. ಅಜ್ಜನ ಬೆಟ್ಟ, ಅಜ್ಜನ ಬೆಳಕು, ಅಜ್ಜನ ಗಾಳಿ.

ಬೆಲ್ಲಡೋನಾ ನಮ್ಮ ಕಡೆ ಬೇಲಿಯಂಚಿನಲ್ಲಿ ಬೆಳೆಯುವ, ಶಿವನಿಗೆ ಏರಿಸುವ ಉಮ್ಮತ್ತಿಯ ಕುಟುಂಬಕ್ಕೇ ಸೇರಿದ ಗಿಡ. ಎರಡರಲ್ಲೂ ಅಟ್ರೋಪಿನ್, ಸ್ಕೋಪಾಲಮಿನ್ ಎಂಬ, ಮಿದುಳನ್ನು ಕದಡುವ ರಾಸಾಯನಿಕಗಳಿವೆ. ಉಮ್ಮತ್ತಿ ತಿಂದವರು ಇಲ್ಲದ್ದನ್ನು ಕಾಣುತ್ತಾರೆಂಬುದು ನಮ್ಮ ಹಳ್ಳಿಯವರಿಗೆ ಹೊಸದೇನಲ್ಲ. ಅದೂ ಅಲ್ಲದೆ, ವಿಪರೀತ ಕುಡಿಯುತ್ತಿದ್ದವರು ಹಠಾತ್ತನೆ ನಿಲ್ಲಿಸಿದ ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಸನ್ನಿ ಬಂದು ಭ್ರಮೆಗಳು ಕಾಣುವುದುಂಟು. ಹಾಗಾಗಿ ವಿಲ್ಸನ್ ಕಂಡದ್ದು ಬರೀ ಔಷಧಿಯ ಆಟ ಎನ್ನುವವರಿದ್ದಾರೆ. ಇರಬಹುದು. ಆದರೆ ಅದೇ ಆಸ್ಪತ್ರೆ, ಅದೇ ಚಿಕಿತ್ಸೆ, ಹಿಂದಿನ ಮೂರು ದಾಖಲಾತಿಗಳಲ್ಲಿ ಬೆಳಕು ಬರಲಿಲ್ಲ, ಕುಡಿತ ಬಿಡಲೂ ಇಲ್ಲ. ಅದೇ ಔಷಧಿ ಕುಡಿದ ಉಳಿದ ರೋಗಿಗಳಲ್ಲಿ ಬಹುಪಾಲು ಜನ ಮತ್ತೆ ಕುಡಿದರು. ಬೆಳಕನ್ನು ಔಷಧಿ ಹಚ್ಚಿದ್ದರೂ, ಮುಂದಿನ 36 ವರ್ಷದ ಸಂಯಮವನ್ನು ಔಷಧಿ ಕೊಟ್ಟಿತು ಎನ್ನಲು ಆಗುವುದಿಲ್ಲ.

ತಾನು ಹುಚ್ಚನಾದೆನೇ ಎಂದು ವಿಲ್ಸನ್ ಡಾಕ್ಟರನ್ನು ಕೇಳಿದರು. ಸಿಲ್ಕ್‌ವರ್ತ್ ರೋಗಿಯ ಮಾತನ್ನು ಪೂರ್ತಿ ಕೇಳಿಸಿಕೊಂಡು, ಹುಚ್ಚಲ್ಲ, ಇದೇನೋ ನನಗೆ ಗೊತ್ತಿಲ್ಲ, ಏನೇ ಆಗಲಿ ಗಟ್ಟಿಯಾಗಿ ಹಿಡಿದುಕೋ ಎಂದರು. ಆ ಉತ್ತರಕ್ಕೆ ಬಹಳ ಬೆಲೆಯಿದೆ. ವಿಜ್ಞಾನದ ಹೆಸರಿನಲ್ಲಿ ರೋಗಿಯ ಅನುಭವವನ್ನು ಅವರು ತುಳಿಯಲಿಲ್ಲ, ಪವಾಡವೆಂದು ಪೂಜೆಗೂ ಇಡಲಿಲ್ಲ.

ಬೆಳಕಿಗಿಂತ ಹೆಚ್ಚು ಕೆಲಸ ಮಾಡಿದ್ದು ಆಸ್ಪತ್ರೆಯಲ್ಲಿ ನಡೆದ ಇನ್ನೊಂದು ಸಂಗತಿ ಎಂದು ನನಗೆ ಅನ್ನಿಸುತ್ತದೆ. ಎಬ್ಬಿ ಪಕ್ಕದಲ್ಲಿ ಕೂತರು. ವಿಲ್ಸನ್ ತಾವು ನೋಯಿಸಿದವರ, ತಮಗೆ ಯಾರ ಮೇಲೆ ಹಗೆಯಿತ್ತೋ ಅವರ ಪಟ್ಟಿ ಮಾಡಿದರು, ಬಾಯಿಬಿಟ್ಟು ಹೇಳಿಕೊಂಡರು. ಹತ್ತು ವರ್ಷದಿಂದ ಇತರರು ಎದುರಿಗೆ ಹಿಡಿಯುತ್ತಿದ್ದ ತಪ್ಪುಗಳನ್ನು ಮೊದಲ ಸಲ ಅವರು ತಾವಾಗಿ ಕೈಗೆತ್ತಿಕೊಂಡದ್ದು ಆಗ. ಕುಡಿತಕ್ಕೆ ನೀತಿಗೇಡೇ ಕಾರಣ ಎಂದು ಇನ್ನೊಬ್ಬರು ಹೇಳಿದಾಗ ಅದು ಅವಮಾನ. ಕುಡಿತದಲ್ಲಿ ನಾನು ಇಂಥಿಂಥ ನೋವು ಕೊಟ್ಟೆ ಎಂದು ತಾನೇ ಲೆಕ್ಕ ತೆಗೆದಾಗ ಅದು ಹೊರೆ ಇಳಿಸುವ ಕೆಲಸ. ಮಾತು ಒಂದೇ ಥರ ಕಂಡರೂ ಯಾರ ಬಾಯಿಂದ ಬಂತು, ಯಾವ ಹೊತ್ತಿನಲ್ಲಿ ಬಂತು ಎಂಬುದರಿಂದ ಅದರ ಗುಣವೇ ಬದಲಾಗುತ್ತದೆ.

ಬೋಧನೆಯ ಸೋಲು, ಆಕ್ರನ್‌ನ ಮಾತುಕತೆ

ಆಸ್ಪತ್ರೆಯಿಂದ ಬಂದ ವಿಲ್ಸನ್ ತಮ್ಮ ಬೆಳಕಿನ ಕತೆ ಹೇಳುತ್ತ ಕುಡುಕರನ್ನು ಹುಡುಕಿಕೊಂಡು ಓಡಾಡಿದರು. ಐದಾರು ತಿಂಗಳು ಮಿಷನ್‌ನಲ್ಲಿ, ಆಸ್ಪತ್ರೆಯಲ್ಲಿ, ತಮ್ಮ ಮನೆಯಲ್ಲೇ ಜಾಗ ಕೊಟ್ಟು ಪ್ರಯತ್ನಿಸಿದರು. ಒಬ್ಬರೂ ಕುಡಿತ ಬಿಡಲಿಲ್ಲ. ಆಗ ಸಿಲ್ಕ್‌ವರ್ತ್ ಕೊಟ್ಟ ಸಲಹೆ ಈ ಪ್ರಕರಣದ ತಿರುವು: ಪ್ರವಚನ ನಿಲ್ಲಿಸು. ಮೊದಲು ಕಾಯಿಲೆಯ ಸಂಗತಿ ಹೇಳು, ಅದು ಮೈಯನ್ನು ಮನಸ್ಸನ್ನು ಹೇಗೆ ಹಿಡಿದಿದೆ, ಹೇಗೆ ಕೊಲ್ಲುತ್ತದೆ ಎಂದು ಹೇಳು. ದೇವರ ಮಾತು ಆಮೇಲೆ.

1935ರ ಮೇ ತಿಂಗಳಲ್ಲಿ ವ್ಯವಹಾರದ ಮೇಲೆ ಒಹಾಯೊ ರಾಜ್ಯದ ಆಕ್ರನ್‌ಗೆ ಹೋದರು. ವ್ಯವಹಾರ ಕೈಕೊಟ್ಟಿತು. ಜೇಬು ಖಾಲಿ, ಮೇಫ್ಲವರ್ ಹೋಟೆಲಿನ ಲಾಬಿಯ ಒಂದು ತುದಿಯಲ್ಲಿ ಬಾರಿನ ಗಲಗಲ, ಇನ್ನೊಂದು ತುದಿಯಲ್ಲಿ ಟೆಲಿಫೋನು ಮತ್ತು ಊರಿನ ಚರ್ಚುಗಳ ಪಟ್ಟಿ. ಅವರು ಫೋನು ಹಿಡಿದರು. ತನ್ನಂಥ ಇನ್ನೊಬ್ಬ ಕುಡುಕನ ಜೊತೆ ಮಾತಾಡಬೇಕು ಎಂದು ಒಬ್ಬರಿಂದೊಬ್ಬರಿಗೆ ವಿಚಾರಿಸುತ್ತ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯನ್ನು ತಲುಪಿದರು. ಅವರು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರನ್ನು ಕರೆಸುವುದಾಗಿ ಹೇಳಿದರು. ಆ ಶನಿವಾರ ಡಾಕ್ಟರು ಬರುವ ಸ್ಥಿತಿಯಲ್ಲಿರಲಿಲ್ಲ. ಮಾರನೆಯ ದಿನ, ಮೇ 12ರ ಸಂಜೆ ಐದಕ್ಕೆ, ಕೈ ನಡುಗಿಸುತ್ತ ಬಂದರು. ಹದಿನೈದು ನಿಮಿಷ, ಅಷ್ಟೇ ಎಂದು ಹೆಂಡತಿಗೆ ಹೇಳಿಕೊಂಡೇ ಬಂದಿದ್ದರು. ಮಾತು ಮುಗಿದದ್ದು ರಾತ್ರಿ ಹನ್ನೊಂದು ದಾಟಿದ ಮೇಲೆ.

ಡಾ. ಬಾಬ್ ಎರಡು ವರ್ಷಕ್ಕೂ ಮೇಲ್ಪಟ್ಟು ಆಕ್ಸ್‌ಫರ್ಡ್ ಗ್ರೂಪಿನ ಸಭೆಗಳಿಗೆ ಹೋಗುತ್ತಿದ್ದರು. ಪ್ರಾರ್ಥನೆ, ಧರ್ಮಗ್ರಂಥಗಳ ಓದು ಎಲ್ಲ ಕ್ರಮವಾಗಿ ನಡೆದಿತ್ತು, ಕುಡಿತವೂ ನಡೆದಿತ್ತು. ಅಧ್ಯಾತ್ಮದ ಕೊರತೆಯೇ ಚಟಕ್ಕೆ ಕಾರಣ ಎನ್ನುವವರು ಇವರನ್ನು ಗಮನಿಸಬೇಕು. ಆ ರಾತ್ರಿ ವಿಲ್ಸನ್ ದೇವರ ಬಗ್ಗೆ ಹೊಸದೇನನ್ನೂ ಹೇಳಲಿಲ್ಲ. ಕುಡಿತದ ವಿಷಯವನ್ನು ಸ್ವಂತ ಅನುಭವದಿಂದ ಬಲ್ಲವರೊಬ್ಬರು ತನ್ನ ಭಾಷೆಯಲ್ಲೇ ಮಾತಾಡಿದ್ದು ಅದೇ ಮೊದಲು ಎಂದು ಬಾಬ್ ಮುಂದೆ ಬರೆದರು.

ಅಲ್ಲಿಗೂ ಮುಗಿಯಲಿಲ್ಲ. ವೈದ್ಯರ ಸಮ್ಮೇಳನಕ್ಕೆಂದು ಅಟ್ಲಾಂಟಿಕ್ ಸಿಟಿಗೆ ಹೋದ ಬಾಬ್ ಅಲ್ಲಿ ಕುಡಿದು, ಎಚ್ಚರ ತಪ್ಪಿ ಮರಳಿದರು. ಕೆಲವೇ ದಿನಗಳಲ್ಲಿ ಅವರು ಮಾಡಬೇಕಿದ್ದ ಒಂದು ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ವಿಲ್ಸನ್ ಮತ್ತು ಬಾಬ್ ಅವರ ಹೆಂಡತಿ ಆನ್ ಸೇರಿ ಅವರ ನಶೆ ಇಳಿಸಿದರು. ಆ ಬೆಳಗ್ಗೆ ಡಾಕ್ಟರ ಕೈ ನಡುಗುತ್ತಿತ್ತು. ಆಸ್ಪತ್ರೆಗೆ ಬಿಡುವಾಗ ವಿಲ್ಸನ್ ತಾವಾಗಿ ಅವರಿಗೆ ಒಂದು ಬಾಟಲಿ ಬಿಯರ್ ಕೊಟ್ಟರು, ಕೈ ಸ್ಥಿರವಾಗಲಿ ಎಂದು. ಮದ್ಯತ್ಯಾಗದ ಆಂದೋಲನವೊಂದರ ಮೊದಲ ದಿನದಲ್ಲಿ ಹೀಗೊಂದು ಬಾಟಲಿ ಇದೆ. ನೀತಿಯ ಕಣ್ಣಿಗೆ ಅದು ವಿರೋಧಾಭಾಸ. ಹಿಂತೆಗೆತ ಎಂದರೇನೆಂದು ಬಲ್ಲವರಿಗೆ ಅದು ಮದ್ದು. ಅದೇ ಡಾ. ಬಾಬ್ ಅವರ ಕೊನೆಯ ಕುಡಿತ. 1935ರ ಜೂನ್ 10ನ್ನು ಎ.ಎ. ತನ್ನ ಹುಟ್ಟಿದ ದಿನವೆಂದು ಆಚರಿಸುತ್ತದೆ.

ಶಸ್ತ್ರಚಿಕಿತ್ಸೆ ಸರಿಯಾಗಿ ಮುಗಿಯಿತು. ಆದರೆ ಡಾಕ್ಟರು ಮನೆಗೆ ಬರಲಿಲ್ಲ. ಗಂಟೆಗಳು ಕಳೆದವು, ಮನೆಯಲ್ಲಿದ್ದವರ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಹೋಗಿದ್ದು ಬಾರಿಗಲ್ಲ. ಸಾಲ ಕೊಟ್ಟವರ, ತಾವು ನೋಯಿಸಿದವರ ಬಾಗಿಲು ತಟ್ಟುತ್ತ, ತಪ್ಪೊಪ್ಪಿಕೊಳ್ಳುತ್ತ ಊರೆಲ್ಲ ಸುತ್ತುತ್ತಿದ್ದರು. ವೃತ್ತಿಗೆ ಕುತ್ತು ಬರುತ್ತದೆಂದು ಅಷ್ಟು ದಿನ ಅವರು ಮಾಡಲು ಹೆದರಿದ್ದ ಕೆಲಸ ಅದು. ಆಕ್ಸ್‌ಫರ್ಡ್ ಗ್ರೂಪು ಅದನ್ನೇ ಅವರಿಗೆ ಎರಡು ವರ್ಷದಿಂದ ಹೇಳುತ್ತಿತ್ತು.

ಅದೇ ತಿಂಗಳು ಇಬ್ಬರೂ ಸೇರಿ ಸಿಟಿ ಆಸ್ಪತ್ರೆಯಲ್ಲಿದ್ದ ವಕೀಲರೊಬ್ಬರನ್ನು ನೋಡಿದರು. ಸನ್ನಿಯಲ್ಲಿ ನರ್ಸ್‌ಗಳ ಮೇಲೆ ಕೈಮಾಡಿ, ಹಾಸಿಗೆಗೆ ಕಟ್ಟಿಸಿಕೊಂಡಿದ್ದವರು. ಚರ್ಚಿನಲ್ಲಿ ಜವಾಬ್ದಾರಿ ಹೊತ್ತವರು, ದೇವರಲ್ಲಿ ನಂಬಿಕೆಗೆ ಅವರಿಗೇನೂ ಕೊರತೆ ಇರಲಿಲ್ಲ. ಅವರು ಆಸ್ಪತ್ರೆಯಿಂದ ಎದ್ದು ಹೋದ ಮೇಲೆ ಸಾಯುವ ತನಕ ಕುಡಿಯಲಿಲ್ಲ.

ಹೊಣೆ ಯಾರದು?

1982ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಇಂಥ ವಿವರಣೆಗಳನ್ನು ಎರಡು ಪ್ರಶ್ನೆಗಳಿಂದ ವಿಂಗಡಿಸಿದರು. ಸಮಸ್ಯೆ ಬಂದದ್ದಕ್ಕೆ ಹೊಣೆ ಯಾರು? ಅದರಿಂದ ಹೊರಬರಲು ಹೊಣೆ ಯಾರು? ಎರಡಕ್ಕೂ ನೀನೇ ಎನ್ನುವುದು ನೈತಿಕ ಮಾದರಿ. ಎರಡಕ್ಕೂ ನೀನಲ್ಲ ಎನ್ನುವುದು ವೈದ್ಯಕೀಯ ಮಾದರಿ. ಸಮಸ್ಯೆ ನಿನ್ನಿಂದ ಬಂತು, ಬಿಡುಗಡೆ ಮಾತ್ರ ನಿನ್ನ ಕೈಲಿಲ್ಲ, ನಿನಗಿಂತ ದೊಡ್ಡದಕ್ಕೆ ಶರಣಾಗು ಎನ್ನುವುದು ಇನ್ನೊಂದು. ಎ.ಎ.ಯನ್ನು ಅವರು ಇಟ್ಟದ್ದು ಈ ಮೂರನೆಯದರಲ್ಲಿ. ಸಮಸ್ಯೆ ನಿನ್ನಿಂದಲ್ಲ, ಹೊರಬರುವುದು ನಿನ್ನ ಕೆಲಸ ಎನ್ನುವುದು ನಾಲ್ಕನೆಯದು.

ವಿಂಗಡಣೆ ಬಹಳ ಉಪಯುಕ್ತ, ಆದರೆ ವಿಲ್ಸನ್ ಪ್ರಕರಣ ಆ ಮೂರನೆಯ ಕೋಣೆಯಲ್ಲಿ ಕೂರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಸಿಲ್ಕ್‌ವರ್ತ್ ಅವರಿಂದ ಬಂದ ಮೊದಲ ಮಾತು ಕಾಯಿಲೆ ನಿನ್ನ ತಪ್ಪಲ್ಲ ಎಂಬುದು. ಆಕ್ಸ್‌ಫರ್ಡ್ ಗ್ರೂಪಿನಿಂದ ಬಂದದ್ದು ದಿನದಿನದ ದುಡಿಮೆ. ಕುಡಿತದಿಂದ ಹೊರಬರಲು ಎ.ಎ. ಹಾಕಿಕೊಟ್ಟ ದಾರಿ, ಅಂದರೆ 1939ರಲ್ಲಿ ಅಚ್ಚಾದ ಹನ್ನೆರಡು ಹೆಜ್ಜೆಗಳಲ್ಲಿ ಎರಡೂ ಒಟ್ಟಿಗಿವೆ. ಮದ್ಯದ ಮುಂದೆ ನಮ್ಮ ಬಲ ಸಾಲದು ಎಂದು ಒಪ್ಪುವುದು ಮೊದಲ ಹೆಜ್ಜೆ. ತನ್ನ ನಡತೆಯ ನಿರ್ಭೀತ ಲೆಕ್ಕ ತೆಗೆಯುವುದು ನಾಲ್ಕನೆಯದು. ನೋಯಿಸಿದವರಿಗೆ ಪರಿಹಾರ ಮಾಡುವುದು ಒಂಬತ್ತನೆಯದು. ನೀತಿ ಅಲ್ಲಿಂದ ಮಾಯವಾಗಿಲ್ಲ, ಕಾರಣದ ಜಾಗ ಬಿಟ್ಟು ಪರಿಹಾರದ ಜಾಗಕ್ಕೆ ಬಂದು ಕೂತಿದೆ.

ದೇವರ ವಿಷಯದಲ್ಲೂ ಹಾಗೆಯೇ. ಹೆಜ್ಜೆಗಳ ಕರಡು ಓದಿ ಗುಂಪಿನಲ್ಲಿದ್ದ ನಾಸ್ತಿಕರು ಜಗಳ ತೆಗೆದರು. ಮಂಡಿಯೂರಿ ಎಂಬ ಮಾತು ಹೋಯಿತು, ನಾವು ಅರಿತುಕೊಂಡ ರೀತಿಯ ದೇವರು ಎಂಬ ಮಾತು ಬಂತು. 1941ರ ಮರುಮುದ್ರಣದಲ್ಲಿ ಹನ್ನೆರಡನೆಯ ಹೆಜ್ಜೆಯ ಆಧ್ಯಾತ್ಮಿಕ ಅನುಭವ ಎಂಬುದು ಆಧ್ಯಾತ್ಮಿಕ ಎಚ್ಚರ ಎಂದಾಯಿತು. ಹೆಚ್ಚಿನವರಿಗೆ ಬದಲಾವಣೆ ನಿಧಾನವಾಗಿ ಬರುತ್ತದೆ, ಬಿಳಿ ಬೆಳಕು ಕಾಣಲೇಬೇಕೆಂದಿಲ್ಲ ಎಂಬ ವಿವರಣೆಯನ್ನೂ ಸೇರಿಸಿದರು. ಬೆಳಕು ಕಂಡ ಮನುಷ್ಯರೇ ಇದಕ್ಕೆ ಒಪ್ಪಿದ್ದು ದೊಡ್ಡತನ.

ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 10,565 ಜನರನ್ನೊಳಗೊಂಡ 27 ಅಧ್ಯಯನಗಳನ್ನು ನೋಡಿತು. ಎ.ಎ.ಗೆ ಸೇರಲು ನೆರವಾಗುವ ಕ್ರಮಬದ್ಧ ಚಿಕಿತ್ಸೆ, ಪೂರ್ತಿ ಬಿಟ್ಟಿರುವ ವಿಷಯದಲ್ಲಿ, ಇತರ ಮನೋಚಿಕಿತ್ಸೆಗಳಿಗಿಂತ ಮೇಲೆಂದು ಕಂಡಿತು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಸಂಶೋಧಕ ಜಾನ್ ಕೆಲ್ಲಿ ಮತ್ತು ಸಂಗಡಿಗರು ಹುಡುಕಿದಾಗ ಮುಂದೆ ನಿಂತದ್ದು ಸಹವಾಸದ ಬದಲಾವಣೆ: ಕುಡಿಯುವ ಗೆಳೆಯರು ಕಡಿಮೆಯಾಗಿ ಬಿಟ್ಟವರ ಸಂಗ ಬೆಳೆಯುವುದು. ಆಧ್ಯಾತ್ಮಿಕತೆಯ ಪಾಲು ಹೆಚ್ಚಾಗಿ ಕಂಡದ್ದು ತೀವ್ರ ವ್ಯಸನದವರಲ್ಲಿ. ಯೂಂಗ್ ಹೇಳಿದ್ದೂ ಅಂಥವರ ಬಗ್ಗೆಯೇ.

ಉಳಿದವರ ಪಾಡು

1961ರ ಜನವರಿಯಲ್ಲಿ ವಿಲ್ಸನ್ ಕೃತಜ್ಞತೆಯ ಪತ್ರ ಬರೆದಾಗ ಯೂಂಗ್ ಉತ್ತರಿಸಿದರು: ರೋಲೆಂಡ್ ಅವರ ಮದ್ಯದ ದಾಹ, ಪೂರ್ಣತೆಗಾಗಿ ಮನುಷ್ಯನಿಗಿರುವ ದಾಹದ ಕೆಳಮಟ್ಟದ ರೂಪ. ಸುಂದರವಾದ ಮಾತು. ಆದರೆ ರೋಲೆಂಡ್ ಮತ್ತೆ ಕುಡಿದದ್ದುಂಟು. ವಿಲ್ಸನ್‌ಗೆ ದಾರಿ ತೋರಿದ ಎಬ್ಬಿಯಂತೂ ದಶಕಗಳ ಕಾಲ ಎದ್ದು ಬಿದ್ದು ಒದ್ದಾಡಿ, 1966ರಲ್ಲಿ ಸಾಯುವ ಮುಂಚಿನ ಎರಡು ವರ್ಷವಷ್ಟೇ ಕುಡಿಯದೆ ಇದ್ದರು. ಇಬ್ಬರಿಗೂ ಅದೇ ದೇವರು, ಅದೇ ಪ್ರಾರ್ಥನೆ. ಎಬ್ಬಿಯ ಭಕ್ತಿ ಕಡಿಮೆ ಇತ್ತು ಎಂದು ಯಾರಾದರೂ ಹೇಳಿದರೆ ಅದು ಕ್ರೌರ್ಯ. ವಿಲ್ಸನ್ ಮಾತ್ರ ಎಬ್ಬಿಯನ್ನು ಕೊನೆತನಕ ತನ್ನ ಮಾರ್ಗದರ್ಶಿ ಎಂದೇ ಕರೆದರು, ದುಡ್ಡುಕಾಸಿಗೂ ನೋಡಿಕೊಂಡರು.

ವಿಲ್ಸನ್ ಅವರೂ ಪೂರ್ತಿ ಗುಣವಾದ ಸಂತರಲ್ಲ. 1944ರಿಂದ ಹತ್ತು ಹನ್ನೊಂದು ವರ್ಷ ಕಡು ಖಿನ್ನತೆಯಲ್ಲಿ ನರಳಿದರು, ಮನೋವೈದ್ಯರ ಬಳಿ ಹೋದರು. ಸಿಗರೇಟು ಬಿಡಲು ದಶಕಗಳ ಕಾಲ ಆಗಲಿಲ್ಲ. 1971ರ ಜನವರಿ 24ರಂದು ತೀರಿಕೊಂಡದ್ದು ಶ್ವಾಸಕೋಶದ ಕಾಯಿಲೆಯಿಂದ. ಅದಕ್ಕೆ ಕೆಲವು ವಾರ ಮುಂಚೆ ಹಾಸಿಗೆಯಲ್ಲಿ ಅವರು ವಿಸ್ಕಿ ಕೇಳಿದ್ದನ್ನು ಆರೈಕೆಯ ನರ್ಸ್‌ಗಳ ಟಿಪ್ಪಣಿಗಳು ದಾಖಲಿಸಿವೆ. ಕೊಡಲಿಲ್ಲ. 36 ವರ್ಷ ದೇವರ ನೆರಳಿನಲ್ಲಿದ್ದ ಮೈಗೂ ಆ ದಾಹ ಉಳಿದಿತ್ತು ಎಂಬುದು ಅಧ್ಯಾತ್ಮಕ್ಕೆ ಅವಮಾನವಲ್ಲ, ಕಾಯಿಲೆಯ ಆಳಕ್ಕೆ ಸಾಕ್ಷಿ.

ನಮ್ಮಲ್ಲಿ

ಹನ್ನೆರಡು ಹೆಜ್ಜೆಗಳು ಈಗ ಕನ್ನಡದಲ್ಲೂ ಇವೆ. ಕರ್ನಾಟಕದ ಊರುಗಳಲ್ಲಿ ಎ.ಎ. ಸಭೆಗಳು ನಡೆಯುತ್ತವೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 5.7 ಕೋಟಿ ಜನಕ್ಕೆ ಮದ್ಯದಿಂದ ತೊಂದರೆಯಾಗಿ ನೆರವು ಬೇಕಿದೆ. ಮದ್ಯಾವಲಂಬನೆಯಿರುವ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದವರಿಗೆ ಮನೆಯಲ್ಲಿ ಸಿಗುವುದು ಆಣೆ, ಬೈಗುಳ, ಹರಕೆ, ತಾಯತ.

ಮನೆಯವರಿಗೆ ಈ ಪ್ರಕರಣದಿಂದ ನಾನು ಹೇಳಬೇಕೆಂದಿರುವುದು ಕ್ರಮದ ಬಗ್ಗೆ. ದಿನವೂ ವಿಪರೀತ ಕುಡಿಯುವವರಿಂದ ದೇವರ ಮುಂದೆ ಆಣೆ ಮಾಡಿಸಿ ಅಥವಾ ಮಾಲೆ ಹಾಕಿಸಿ ಅದೇ ದಿನ ನಿಲ್ಲಿಸಬೇಡಿ. ನಿಲ್ಲಿಸಿದ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದಲ್ಲಿ ಮೈ ನಡುಗಿ, ಬೆವರಿ, ಗೋಡೆಯ ಮೇಲೆ ಹುಳ ಕಂಡು, ಇಲ್ಲದವರ ಜೊತೆ ಮಾತಾಡಬಹುದು. ಅದನ್ನು ಗಾಳಿ ಸೋಕಿದೆ, ದೇವರ ಸಿಟ್ಟು ಎಂದು ಮಂತ್ರ ಹಾಕಿಸಲು ಕರೆದೊಯ್ದು, ಸಮಯ ಕಳೆದು, ಜೀವ ಕಳೆದುಕೊಂಡವರಿದ್ದಾರೆ. ಆಣೆಗೆ ಮುಂಚೆ ಆಸ್ಪತ್ರೆ. ಹಿಂತೆಗೆತ ತಡೆಯುವ ಮಾತ್ರೆ, ಥಯಮಿನ್ (ಬಿ1 ವಿಟಮಿನ್) ಚುಚ್ಚುಮದ್ದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಸಿಗುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು.

ಮೈ ತಿಳಿಯಾದ ಮೇಲೆ ದೇವಸ್ಥಾನ, ಸಭೆ, ಹರಕೆ ಯಾವುದಕ್ಕೂ ನನ್ನ ಅಡ್ಡಿಯಿಲ್ಲ. ಅವರ ಜೊತೆ ಹೋಗಿ. ನೋಯಿಸಿದವರ ಪಟ್ಟಿಯನ್ನು ಮಾತ್ರ ಅವರೇ ಬರೆಯಲಿ, ಅವರಿಗೆ ಬರೆಯಬೇಕೆನ್ನಿಸಿದ ದಿನ.